ಹಾಜರಿ

ಬೆಟಗೇರಿಯ ಕ್ಷಯರೋಗದ ಸಂಸ್ಥಾದಾಗ
ಹತ್ತೊಂಬತ್ತು ವರ್ಷ ಆತು, ಹಾಜರಿ ಪುಸ್ತಕ ನನ್ನ ಕೈಯಾಗ.
ಸ್ಕೇಲ್ ಇಟ್ಟು ಕೆಂಪು ಗೆರಿ ಹೊಡಿಯೂದು,
ಹತ್ತೂ ಹತ್ತಕ್ಕ ಪುಸ್ತಕ ಮುಚ್ಚೂದು,
ತಡಾ ಆದವರ ಮುಂದ ಕನ್ನಡಕ ಏರಿಸೂದು.
ಇಷ್ಟ ನನ್ನ ಅಧಿಕಾರ.

ಅಡ್ಡಹೆಸರು ಓದಿ ಮಂದಿನ ಅಳಿಯೂದು ನಮ್ಮ ಕಡಿ ರೂಢಿ.
ಉಳ್ಳಾಗಡ್ಡಿ ಅಂದ್ರ ಇಂಥವರು, ನದಾಫ ಅಂದ್ರ ಅಂಥವರು,
ಏನೂ ತಿಳಿಲಿಲ್ಲ ಅಂದ್ರ
ಊರು ಯಾವುದ್ರಿ, ಓಣಿ ಯಾವುದ್ರಿ, ಅಲ್ಲೆ ಗುಡಿ ಯಾವ ಕಡಿಗೆ
ಅಂತ ಸುತ್ತಿ ಸುತ್ತಿ ಕೇಳೂದು.
ಕೇಳಿದಾಂವ ನಾನ. ಸುಳ್ಳ್ಯಾಕ ಹೇಳ್ಲಿ.
ಕೊಡದ ಮ್ಯಾಲಿನ ಲೋಟಾ ಯಾರು ಮುಟ್ಟಿದ್ರು ಅನ್ನೂದು
ಕಣ್ಣಿಗೆ ತಾನ ಕಾಣತಿತ್ತು,
ಬಾಯಿಗೆ ಬರತಿರಲಿಲ್ಲ, ಅಷ್ಟ.

ಹೋದ ವರ್ಷ ಹೊಸಾ ಡಾಕ್ಟರಮ್ಮ ಬಂದ್ರು,
ಹೊಸಾ ಮಂದಿನ ತಗೊಂಡ್ರು.
ಫಕ್ಕೀರೇಶಗ ಕಿವಿ ಕೇಳಂಗಿಲ್ಲ.
ಯಾರ ಕೆಮ್ಮೂ ಅವಂಗ ಮುಟ್ಟಂಗಿಲ್ಲ,
ಆದ್ರ ಕಫದ ಗಾಜಿನ ಮ್ಯಾಲೆ, ನೀಲಿಯೊಳಗ ಅಡಗಿದ
ಕೆಂಪು ಕಡ್ಡಿ ಅಂವಗ ಮೊದಲ ಕಾಣತಾವ.
ಅವನ ಬಾಗಿಲಿಗೆ ಈಗ ಗಂಟಿ ಬದಲಿ ಹಳದಿ ದೀಪ.
ಕಸ್ತೂರಿ ಲಮಾಣಿ ಮೊದಲನೇ ದಿನ ಡಬ್ಬಿ ಹಿಡಕೊಂಡು
ಜಿನಿ ಕಟ್ಟಿ ಮ್ಯಾಲೆ ಒಬ್ಬಾಕಿನ ಉಣ್ಣಾಕ ಕುಂತಿದ್ಲು;
ಜೈತುನಬಿ ನದಾಫ ತನ್ನ ಡಬ್ಬಿ ತಗೊಂಡು
ಏನೂ ಮಾತಾಡದ ಎರಡು ಮೆಟ್ಟಲ ಕೆಳಗ ಕುಂತ್ಲು.
ಒಂದು ವಾರದಾಗ ಜಿನಿ ತುಂಬ ಡಬ್ಬಿ.
ನಾ ಮಾತ್ರ ಮೇಜಿಗೇ ಉಂಡೆ, ಮತ್ತ ಹದಿನೈದು ದಿನ.

ಪಾರಿಜಾತ ಬಂದ ದಿನ ನನ್ನ ಪೆನ್ನು ನಿಂತ್ತು.
ಕಾಗದದಾಗ ಇನ್ನೊಂದು ಹೆಸರು,
ಪುಸ್ತಕದಾಗ ಎರಡ ಖಾನೆ: ಗಂಡು, ಹೆಣ್ಣು.
"ಎಲ್ಲೆ ಬರೀಲೆವ್ವಾ?"
ಆಕಿ ನನ್ನ ಕೈಯಾಗಿನ ಸ್ಕೇಲ್ ಇಸಗೊಂಡು
ಬದಿಗೊಂದು ಗೆರಿ ಎಳದ್ಲು.
"ಇಲ್ಲೆ ಜಾಗಾ ಐತಲ್ರಿ."
ನನ್ನ ಗೆರಿಗಿಂತ ನೆಟ್ಟಗಿತ್ತು.

"ಪಾರಿಜಾತ ಬಂದ ಮ್ಯಾಲೆ ಮುಚ್ಚಿದ ಬಾಗಿಲಾ ತೆರೀತಾವ,
ರೋಗಿಗಳು ಭಾಳ ಸಿಗತಾರ" ಅಂತ
ಮೀಟಿಂಗಿನ್ಯಾಗ ಹೊಗಳಿದ್ರ ಆಕಿ ಅಂದ್ಲು:
"ಸಿಗದ ದಿನಾನೂ ಬರತೇನ್ರಿ ನಾ."

ಮಾರ್ಚಿನ್ಯಾಗ ದೇಣಿಗಿದಾರರು ಫೋಟೋ ಕೇಳಿದ್ರು.
ಎಲ್ಲಾರೂ ಇರಬೇಕು, ಒಬ್ಬರೂ ಬಿಡಬಾರದು.
ಬ್ಯಾನರ ಮ್ಯಾಲೆ ದಪ್ಪಕ್ಷರ: ನಾವೆಲ್ಲರೂ.
ಫೋನು ಹಿಡದಾಕಿ ಹುಲಿಗೆವ್ವ.
"ಎಲ್ಲೆ ಒತ್ತಬೇಕ್ರಿ ಯಪ್ಪಾ?"
ಒತ್ತಿದ್ಲು.

ಗೋಡಿಗೆ ಚೌಕಟ್ಟು ಹಾಕಿ ತೂಗಿದೆವು.
ಮೂಲ್ಯಾಗ ಒಂದು ಮಸುಕು ಗುಂಡು,
ಸಂಜೀ ಚಂದ್ರಾಮನಂಗ.
ದಿನಾ ನೋಡತಿದ್ದೆ, ಏನೂ ಅನಸಿರಲಿಲ್ಲ.
ಒಂದಿನ ವರ್ಷದ ಲೆಕ್ಕಕ್ಕ ವೋಚರಿನ ಫೈಲು ತಗದೆ.
"ಕಸಬಳಿದದ್ದು, ಇತರೆ ಖರ್ಚು."
ಕೆಳಗ ನೀಲಿ ಹೆಬ್ಬಟ್ಟು.
ಹನ್ನೊಂದು ವರ್ಷ, ನೂರಾ ಮೂವತ್ತೆರಡು ಹೆಬ್ಬಟ್ಟು,
ಎಲ್ಲಾ ನನ್ನ ಕೈಯ್ಯಾರೆ ಪಿನ್ನು ಚುಚ್ಚಿದ್ದು.
ಗೋಡಿ ಮ್ಯಾಲಿನ ಆ ಚಂದ್ರಾಮ
ಇದ ಹೆಬ್ಬಟ್ಟು.

ಮುಂಜಾನೆ ಆರೂವರಿಗೆ ಬೀಗಾ ತೆಗಿಯಾಕಿ,
ಕಫದ ಡಬ್ಬಿ ಕೈಲೆ ಎತ್ತಾಕಿ,
ನನ್ನ ಪುಸ್ತಕದಾಗ ಒಂದು ದಿನಾನೂ ಬಂದಿಲ್ಲ.
ಕಪಾಟಿನ ಕೀಲಿ ನನ್ನ ಕಿಸೇದಾಗ ಇತ್ತು.

ಡಾಕ್ಟರಮ್ಮಗ ಹೇಳಿದೆ. ಅವರು ಭಾಳ ಹೊತ್ತು ಸುಮ್ಮನ ಕುಂತ್ರು.
ಆಮ್ಯಾಲೆ ಕಾಗದ ಬರದ್ರು.
ಪಗಾರದ ಉತ್ತರ ದಿಲ್ಲಿಯಿಂದ ಇನ್ನೂ ಬಂದಿಲ್ಲ.
ಅಷ್ಟರಾಗ ನಾ ಕೀಲಿ ಕೊಟ್ಟೆ,
ಸ್ಟ್ಯಾಂಪಿನ ಪ್ಯಾಡು ಕೊಟ್ಟೆ.

ಈಗ ನಾ ಬರೂದರೊಳಗ ಪುಸ್ತಕ ತೆರದಿರತೈತಿ.
ಮೊದಲಿನ ಸಾಲಿನ್ಯಾಗ ಶಾಯಿ ಆರಿ ಎಷ್ಟೋ ಹೊತ್ತಾಗಿರತೈತಿ.
ಹತ್ತೂ ಹನ್ನೊಂದಕ್ಕ ನಾ ಹೊಸ್ತಿಲಾ ದಾಟಿದ್ರ
ಹುಲಿಗೆವ್ವ ಬಾರಿಗಿ ನಿಲ್ಲಿಸಿ
ಗಡಿಯಾರ ನೋಡತಾಳ.