ಐಲಿಯ ದಪ್ಪ ಗಾಲಿ

ಅಂಗಡಿಯ ಬಾಗಿಲಿಗೆ ನಾನೇ ಬರೆದು ತೂಗುಹಾಕಿದ್ದೇನೆ:
ಇಲ್ಲಿ ಕೊಳ್ಳದ ಬ್ಯಾಟರಿ ಸೈಕಲ್ಲು ಇಲ್ಲಿ ಮುಟ್ಟುವುದಿಲ್ಲ.
ಅದರಡಿಯಲ್ಲೇ ನಿಂತು ಬೂಟಿನ ಹಿಮ ಕೊಡವುತ್ತಾಳೆ
ಐಲಿ ಹೌಟಲ, ಶಾಲೆಯ ಅಡುಗೆಮನೆಯಲ್ಲಿ
ಮೂವತ್ತು ವರ್ಷ ಬ್ರೆಡ್ಡಿನ ಹಿಟ್ಟು ನಾದಿದವಳು.
ಬಲಗಣ್ಣು ಮಸುಕಾಗಿ ಕಾರಿನ ಲೈಸೆನ್ಸು ಹೋಯಿತು;
ಎಂಟುನೂರು ಡಾಲರಿಗೆ ಇದು ಬಂತು, ರಟ್ಟಿನ ಪೆಟ್ಟಿಗೆಯಲ್ಲಿ.
ಮುಂದಿನ ಫೋರ್ಕು ಹಿಂದುಮುಂದಾಗಿ ಕೂಡಿಸಿ
ಹತ್ತು ದಿನ ಓಡಿಸಿದ್ದಾಳೆ ಮಹರಾಯ್ತಿ.
ನೋಡಲಾಗದೆ ತಿರುಗಿಸಿಕೊಟ್ಟೆ.
ಅದು ಲೆಕ್ಕಕ್ಕಿಲ್ಲ.

ಊರು ಅಂದಿತು: ಐಲಿಗೆ ಐಲು.

ನಾನೂ ಅಂದೆ, ಸುಳ್ಳೇಕೆ.
ಮೂವತ್ತೆರಡು ಕಿಲೋ, ಐಲಿ, ನಿನ್ನ ಮನೆಗೆ ಐದು ಮೆಟ್ಟಿಲು.
ಬ್ರೇಕು ತಂತಿಯದು, ಚಳಿಗೆ ಹಂದಿಮರಿಯ ಹಾಗೆ ಕಿರುಚುತ್ತದೆ.
ಗುಂಡಿ ಒತ್ತಿದರೆ ಅರೆಗಳಿಗೆ ಯೋಚಿಸುತ್ತದೆ,
ಆಮೇಲೆ ಗೂಳಿ.
ಪೆಟ್ಟಿಗೆಯ ಮೇಲೆ ನಲವತ್ತು ಮೈಲಿ ಎಂದಿದೆ;
ಬರೆದವನು ನಮ್ಮ ಜನವರಿ ಕಂಡವನಲ್ಲ.
ಅಗ್ಗಕ್ಕೆ ಸಿಕ್ಕಿತೆಂದು ಮುಗ್ಗಿದ ಜೋಳ ತಂದೆ ನೀನು.

ಕೇಳಿಸಿಕೊಂಡಳು. ನನ್ನ ಕಾಫಿ ಕುಡಿದಳು.
"ಇನ್ನು ಆರ್ವಿಡ್‌ನ ಹಿಮಗಾಡಿಗೆ ಕಾಯೋದಿಲ್ಲ.
ಅವನ ಹಂಗೂ ಇಲ್ಲ, ಅವನ ಜೋಕೂ ಇಲ್ಲ."

ಸುಪೀರಿಯರ್ ಸರೋವರ ಹೆಪ್ಪುಗಟ್ಟಿದ ಕೊಲ್ಲಿಯಲ್ಲಿ
ಮೀನು ಹಿಡಿಯುವ ಅವಳ ತಗಡಿನ ಗೂಡು,
ದಡದಿಂದ ಒಂದೂವರೆ ಮೈಲಿ.
ನಾನು ಮಾರುವ ತೆಳು ಗಾಲಿಗಳು
ಬೆಣ್ಣೆಗೆ ಇಳಿದ ಚಾಕುವಿನಂತೆ ಹೂತು ನಿಲ್ಲುವಲ್ಲಿ
ಅವಳದು, ಗಾಳಿ ಅರ್ಧ ಬಿಟ್ಟದ್ದು,
ಅಂಗೈಯಗಲ ಚಪ್ಪಟೆಯಾಗಿ
ಹಿಮವನ್ನು ತಟ್ಟುತ್ತ ತಟ್ಟುತ್ತ ಹೋಗುತ್ತದೆ.
ಹಿಂದೆ ಬಕೆಟ್ಟು, ಮಂಜು ಕೊರೆಯುವ ಬೈರಿಗೆ, ಫ್ಲಾಸ್ಕು.
ಇದಿಷ್ಟನ್ನು ಒಪ್ಪಲು ನನಗೆ
ಎರಡು ಚಳಿಗಾಲ ಹಿಡಿಯಿತು.

ಬ್ಯಾಟರಿ ಬಿಚ್ಚಿ ಗೂಡಿನೊಳಗೆ ಒಯ್ದು
ಒಲೆಯ ಹತ್ತಿರ, ತೀರಾ ಹತ್ತಿರವಲ್ಲ,
ಉಣ್ಣೆಯ ಶಾಲು ಹೊದಿಸಿ ಇಡುತ್ತಾಳಂತೆ,
ನಾದಿದ ಹಿಟ್ಟು ಉಬ್ಬಲೆಂದು ಇಡುವ ಹಾಗೆ.
ಉಬ್ಬಬಾರದು, ಐಲಿ! ಬ್ಯಾಟರಿ ಉಬ್ಬಿತೋ
ಗೂಡೂ ಇಲ್ಲ, ನೀನೂ ಇಲ್ಲ.
ನಕ್ಕಳು. ಒಲೆಯಿಂದ ಒಂದು ಮೊಳ ದೂರ ಸರಿಸುವೆನೆಂದಳು.

ನಿನ್ನೆ ಮೈನಸ್ ಇಪ್ಪತ್ತು.
ಸಂಜೆ ಕಿಟಕಿಯಿಂದ ಓದಿಕೊಂಡೆ:
ಹೋದ ಗೆರೆ ಒಂದು, ಅಗಲ, ನೇರ.
ಬಂದ ಗೆರೆಯ ಪಕ್ಕಕ್ಕೆ ಉದ್ದಕ್ಕೂ ಬೂಟಿನ ಹೆಜ್ಜೆ,
ನಡುನಡುವೆ ನಿಂತು ಉಸಿರು ತಿದ್ದಿಕೊಂಡ ತುಳಿತ.
ಒಂದು ಕಡೆ ಸೈಕಲ್ಲು ಮಲಗಿದ ಅಚ್ಚು,
ಮಗ್ಗುಲಲ್ಲೇ ಅವಳು ಕೂತ ಅಚ್ಚು.
ಹೋಗಿ ಕರೆತರಬಹುದಿತ್ತು. ನಾನು ಕಂಡಾಗ
ಅವಳ ಮನೆಯ ದೀಪ ಹತ್ತಿತ್ತು.

ಬೆಳಗ್ಗೆ ಬಾಗಿಲು ತೆರೆದರೆ ಹೊಸ ಹಿಮ,
ಅದರ ಮೇಲೆ ಆಗಲೇ ಒಂದು ಗೆರೆ, ಹೋದದ್ದು.
ನನ್ನ ಫಲಕದ ಕೆಳಗೆ
ಹಳೆ ಪೇಪರಿನಲ್ಲಿ ಸುತ್ತಿದ ಎರಡು ಮೀನು,
ಕಲ್ಲಿನ ಹಾಗೆ ಗಟ್ಟಿ.

ಒಳಗೆ ಬಂದು ತರಿಸಬೇಕಾದ ಸಾಮಾನಿನ ಪಟ್ಟಿಯಲ್ಲಿ ಬರೆದೆ:
ಬ್ರೇಕಿನ ತಂತಿ, ಉದ್ದದ್ದು, ಒಂದು ಜೊತೆ.