ಹದಿನೇಳರ ಮಗ್ಗಿ

ರಾತ್ರಿ ಎರಡು ಹತ್ತಕ್ಕೆ ಬರುತ್ತದೆ.
ಗುಂತಕಲ್ ಗಾಡಿ ತಡವಾದೀತು, ಇದು ಆಗುವುದಿಲ್ಲ.

ಬಲಗಣ್ಣಿನ ಹಿಂದೆ ಯಾರೋ
ಜೀನ್ಸಿಗೆ ರಿವೆಟ್ ಹೊಡೆದ ಹಾಗೆ.
ಆ ಕೆಲಸ ನನ್ನದೇ,
ದಿನಕ್ಕೆ ಎಂಟುನೂರು ಹೊಡೆಯುತ್ತೇನೆ.
ಬಟ್ಟೆಗೆ ಇಷ್ಟು ನೋಯುತ್ತದೆಂದು ಗೊತ್ತಿರಲಿಲ್ಲ.

ಒಂದೇ ಕಣ್ಣು ಅಳುತ್ತದೆ.
ಇನ್ನೊಂದು ಸುಮ್ಮನೆ ನೋಡುತ್ತದೆ,
ನೆರೆಮನೆಯವರ ಹಾಗೆ.

‘ತಲೆನೋವೇನಾ? ಶುಂಠಿ ತೇಯ್ದು ಹಚ್ಚು’ ಅಂದರು ಮೇಸ್ತ್ರಿ.
ಹಚ್ಚಿದೆ. ಮೂರು ಚಳಿಗಾಲ ಹಚ್ಚಿದೆ.
ಗಟ್ಟಿಮುಟ್ಟಾದ ಹಲ್ಲೊಂದನ್ನು ಕೀಳಿಸಿಯೂ ಬಂದೆ.
ಶಿವರಾತ್ರಿ ದಾಟಿದರೆ ತಾನೇ ಹೋಗುತ್ತದೆ,
ವಿಳಾಸ ಮಾತ್ರ ಮರೆಯುವುದಿಲ್ಲ.

ಮಲಗಲು ಬಿಡದು, ಕೂರಲು ಬಿಡದು.
ಕೌಲ್ ಬಜಾರಿನ ಮಾಳಿಗೆಯ ಮೇಲೆ
ಗೋಡೆಯಿಂದ ಗೋಡೆಗೆ ನಡೆದೆ,
ಕೆಳಗಿನವರು ಕಳ್ಳನೆಂದು ಲೈಟು ಹಾಕುವವರೆಗೆ.

ಈಗ ಮೂಲೆಯಲ್ಲಿ ಬಾಡಿಗೆ ಸಿಲಿಂಡರು.
ಒಂಬತ್ತರ ಮಾಬುನ್ನಿ ಎದ್ದು ಕೀಲಿ ತಿರುವುತ್ತಾಳೆ,
‘ಬಾಬಾ, ಬಗ್ಗು’ ಅನ್ನುತ್ತಾಳೆ,
ಮಾಸ್ಕು ಒತ್ತಿ ಹಿಡಿದು
ನನ್ನ ಉಸಿರಿನ ತಾಳಕ್ಕೆ ಮಗ್ಗಿ ಹೇಳುತ್ತಾಳೆ.
ಎರಡರಿಂದ ಶುರು.
ಹದಿಮೂರಲ್ಲಿ ತಪ್ಪಿ, ಮತ್ತೆ ಹಿಂದಕ್ಕೆ.
ಹದಿನೇಳು ಮುಗಿಯುವ ಹೊತ್ತಿಗೆ
ನೋವು ಚಪ್ಪಲಿ ಹುಡುಕುತ್ತಿರುತ್ತದೆ.

ಶಾಲೆಯಲ್ಲಿ ತೂಕಡಿಸುತ್ತಾಳಂತೆ.
ಟೀಚರು ಕೇಳಿದರೆ,
‘ರಾತ್ರಿಯೆಲ್ಲ ಮಗ್ಗಿ ಓದಿದೆ’ ಅಂದಳಂತೆ.