ಏಳನೇ ವಾರ್ಡಿನ ಕೀಲಿ

ಊರಿನ ಹೆಸರೇ ಒಡೆತನದ ಪತ್ರ:
ಅರಸಿಯ ಕೆರೆ, ಅರಸೀಕೆರೆ.
ಯಾವ ಅರಸಿಯೋ, ಕಂಡವರಿಲ್ಲ.
ಅವಳೂ ಬಿಂದಿಗೆಗೆ ಲೆಕ್ಕ ಇಟ್ಟಿದ್ದಳೋ ಏನೋ.

ಈಗ ಕೆರೆ ನಗರಸಭೆಯದು, ಪೈಪು ಮಂಡಳಿಯದು,
ಪೈಪಿನೊಳಗೆ ಬರುವ ಹೇಮಾವತಿ ಸರ್ಕಾರದ್ದು.
ಕೀಲಿ ಮಾತ್ರ ನನ್ನ ಕೈಯಲ್ಲಿ:
ಟಿ ಆಕಾರದ ಕಬ್ಬಿಣ, ನನ್ನ ಎದೆಮಟ್ಟ,
ನಸುಕಿನ ನಾಲ್ಕೂವರೆಗೆ ಹಿಡಿದರೆ ಅಂಗೈ ಕೊರೆಯುತ್ತದೆ.
ಹದಿನೆಂಟು ಸುತ್ತು. ಏಳನೇ ವಾರ್ಡಿಗೆ ನೀರು.
ನಾನು ಯಾರವಳು ಎಂದರೆ
ಗುತ್ತಿಗೆದಾರನವಳು.
ಅವನನ್ನೂ ಕಂಡಿಲ್ಲ, ಸಹಿ ಕಂಡಿದ್ದೇನೆ.

ಸ್ಟೇಷನ್ ರಸ್ತೆಯ ಟೀ ಅಂಗಡಿಯಲ್ಲಿ ದಿನವೂ ಅದೇ ಜಗಳ.
ರಿಟೈರಾದ ಲೈನ್‌ಮನ್ ಸಿದ್ದಮಲ್ಲಪ್ಪನವರು,
ಕಂಪನಿ ಎಷ್ಟೋ ಸಲ ಹೆಸರು ಬದಲಿಸಿದರೂ
ಅವರ ಬಾಯಲ್ಲಿ ಇನ್ನೂ ಕೆಇಬಿ,
ಬೆರಳು ಮಡಿಚುತ್ತಾರೆ:
ಕರೆಂಟು ಸರ್ಕಾರದ್ದು, ರೈಲು ಸರ್ಕಾರದ್ದು,
ಕೆಂಪು ಬಸ್ಸು ಸರ್ಕಾರದ್ದು, ನೀರು ನಮ್ಮ ವನಜಾಕ್ಷಿದು,
ಇನ್ನೇನು ಬೇಕ್ರಿ ಸಮಾಜವಾದಕ್ಕೆ? ಕೊಂಬಾ?

ಕೊಬ್ಬರಿ ಮಂಡಿಯ ಚನ್ನವೀರಯ್ಯ ಬನ್ನು ಅದ್ದುತ್ತಾ ಕೇಳಿದರು:
ಮಹಾರಾಜರ ಕಾಲದಲ್ಲೂ ಕರೆಂಟು ಸರ್ಕಾರದ್ದೇ ಅಲ್ವಾ?
ಹಂಗಾದ್ರೆ ಸಿಂಹಾಸನದ ಮೇಲೆ ಕೂತಿದ್ದು ಕಾಮ್ರೇಡಾ?

ಟೀ ಸೋಸುವ ಬಟ್ಟೆ ಕೂಡ ಒಂದು ಗಳಿಗೆ ತೊಟ್ಟಿಕ್ಕಲಿಲ್ಲ.

ಆಮೇಲೆ ಸಿದ್ದಮಲ್ಲಪ್ಪನವರು, ದನಿ ಇಳಿಸಿ:
ಕಣಕಟ್ಟೆ ಕಡೆ ಒಂದು ಹಟ್ಟಿ.
ಎಂಟು ಮನೆ. ಹದಿನಾರು ಕಂಬ.
ಬಂಡೆ ಒಡೆದು ಗುಂಡಿ ತೋಡಿದ್ದು ನಾನೇ.
ಲಾಭ ನೋಡೋನು ಅಲ್ಲಿಗೆ ತಂತಿ ಎಳೀತಿದ್ನಾ?
ಅದಕ್ಕೇ ನಷ್ಟ, ಎಂದರು ಚನ್ನವೀರಯ್ಯ.
ಅದಕ್ಕೇ, ಎಂದರು ಇವರು.

ನೀನ್ ಹೇಳಮ್ಮ, ಎಂದು ತಿರುಗಿದರು ನನ್ನ ಕಡೆ.
ಮೂರು ತಿಂಗಳಿಂದ ಸಂಬಳ ಬಂದಿಲ್ಲ, ಅಂದೆ.
ಅದು ಬೇರೆ ವಿಷಯ, ಎಂದರು
ಇಬ್ಬರೂ, ಒಟ್ಟಿಗೆ.

ನೀರಿಗೆ ವಾರ್ಡು ಗೊತ್ತಿಲ್ಲ, ಇಳಿಜಾರು ಗೊತ್ತು.
ಮೋಟಾರು ಹಚ್ಚಿ ಎಳೆದವರ ಮನೆ ಗೊತ್ತು.
ಮಂಡಿ ಬೀದಿ ದಾಟುವಷ್ಟರಲ್ಲಿ ಅದರ ಉಸಿರು ಮುಗಿದು
ಹಳಿಯಾಚೆ ಹಮಾಲರ ಲೈನಿನ ನಲ್ಲಿಗಳಲ್ಲಿ
ಬರೀ ಗಾಳಿ, ಬುಸ್ಸೆಂದು.
ಗಾಳಿಗೂ ಮೀಟರು ತಿರುಗುತ್ತದೆ.
ಬಿಲ್ಲು ಬರುತ್ತದೆ, ಎಲ್ಲರಿಗೂ ಒಂದೇ ದರ,
ಅಷ್ಟರಮಟ್ಟಿಗೆ ಸಮಾನತೆ.

ಒಂದು ಬೆಳಿಗ್ಗೆ, ಯಾಕೆಂದು ಕೇಳಬೇಡಿ,
ಯಾವ ಪುಸ್ತಕವನ್ನೂ ಓದಿರಲಿಲ್ಲ,
ಮಂಡಿ ಬೀದಿಯದನ್ನು ಐದು ಸುತ್ತು ಬಿಗಿದು
ಹಳಿಯಾಚೆಯದನ್ನು ಪೂರ್ತಿ ಬಿಚ್ಚಿಟ್ಟು
ಕಲ್ಲಿನ ಮೇಲೆ ಕೂತೆ, ಇಪ್ಪತ್ತೈದು ನಿಮಿಷ.
ಮೊದಲು ಗಾಳಿ. ಆಮೇಲೆ ತುಕ್ಕಿನ ಕೆಂಪು.
ಆಮೇಲೆ ನೀರು.
ಯಾರೂ ಜೈಕಾರ ಹಾಕಲಿಲ್ಲ. ಒಬ್ಬಳು,
ಇವತ್ತೇನು ಪೈಪ್ ಒಡೆದಿದೆಯಾ, ಎಂದಳು.

ನೋಟೀಸು ಬಂತು:
ಸಾರ್ವಜನಿಕ ಆಸ್ತಿಯನ್ನು ಸ್ವಂತದ್ದೆಂಬಂತೆ
ಬಳಸಿದ ಬಗ್ಗೆ ಏಳು ದಿನದೊಳಗೆ ವಿವರಣೆ ನೀಡುವುದು.
ದೂರು ಕೊಟ್ಟವರ ಹೆಸರಿರಲಿಲ್ಲ.
ಮರುದಿನ ಚನ್ನವೀರಯ್ಯ
ನನ್ನ ಟೀಗೂ ಕಾಸು ಕೊಟ್ಟರು.

ಸಿದ್ದಮಲ್ಲಪ್ಪನವರು ಕನ್ನಡಕ ಏರಿಸಿ
ಎರಡು ಹಾಳೆ ಉತ್ತರ ಬರೆದುಕೊಟ್ಟರು,
ಅದರಲ್ಲಿ ಸಂವಿಧಾನವಿತ್ತು, ರಷ್ಯಾ ಇತ್ತು,
ಹದಿನಾರು ಕಂಬವೂ ಇತ್ತು.
ಮಡಿಚಿ ದೇವರ ಪಟದ ಹಿಂದಿಟ್ಟೆ.
ಮಗಳ ನೋಟ್‌ಬುಕ್ಕಿನಿಂದ ಒಂದು ಹಾಳೆ ಹರಿದು
ನಾನೇ ಬರೆದೆ:

ಸ್ವಂತದ್ದು ಅಂದುಕೊಂಡಿದ್ದು ನಿಜ.
ಎಲ್ಲರದು ಅಂದರೆ ಅದರಲ್ಲಿ ನನ್ನದೂ ಸೇರಿದೆಯೋ
ಇಲ್ಲವೋ ತಿಳಿಸುವುದು.

ಆರು ವಾರವಾಯಿತು. ಉತ್ತರ ಬಂದಿಲ್ಲ, ಸಂಬಳವೂ.
ಕೀಲಿ ಬಾಗಿಲ ಹಿಂದೆ ನಿಂತಿದೆ,
ಅತ್ತೆ ಅದರ ಮೇಲೆ ಒದ್ದೆ ಟವೆಲು ಹರವಿದ್ದಾರೆ.
ಎತ್ತಿಡಬೇಕು.
ನಾಳೆ ಗುರುವಾರ, ಏಳನೇ ವಾರ್ಡು.